ಲೆಗ್ ವೈಸಿನ ವಯಸ್ಸು

ಗುಜರಿಯಿಂದ ಬಂದ ಲೆಗ್ ವೈಸು, ಎಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಸ್ಕ್ರೂವಿನಿಂದ ಬಿಗಿದು ಹಿಡಿಯುವ, ನೆಲದವರೆಗೆ ಕಾಲಿರುವ ಕಮ್ಮಾರರ ಸಾಧನ. ದವಡೆಯ ಅಗಲ 5 ಇಂಚು, ತಲೆಯಿಂದ ಕಾಲಿನ ತುದಿಗೆ ಸುಮಾರು 40 ಇಂಚು, ಮೈತುಂಬ ತುಕ್ಕು, ಅದರ ಮೇಲೆ ಯಾರೋ ಬಳಿದ ಹಸಿರು ಬಣ್ಣ. ಎರಕದ ಬೆಂಚ್ ವೈಸಿನಲ್ಲಿ ಕಾದ ಸರಳು ಹಿಡಿದು ಬಡಿದರೆ ದವಡೆ ಬಿರಿಯುತ್ತದೆ. ಲೆಗ್ ವೈಸಿನಲ್ಲಿ ಸುತ್ತಿಗೆಯ ಏಟು ಉದ್ದನೆಯ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಕುಲುಮೆಗೆ ಇದೇ ಬೇಕಾಗುವುದು ಅದಕ್ಕೆ. ‘ಬ್ರಿಟಿಷರ ಕಾಲದ್ದು’ ಎಂದು ಕೊಟ್ಟವರು ಹೇಳಿದ್ದರು. ಬ್ರಿಟಿಷರ ಕಾಲ ಎಂದರೆ ಯಾವಾಗ ಬೇಕಾದರೂ ಆಗಬಹುದು.

ಮೊದಲ ಕೆಲಸ ಗ್ರೈಂಡರನ್ನು ದೂರ ಇಡುವುದು. ತಯಾರಕರು ಒತ್ತಿದ ಅಚ್ಚುಗಳ ಆಳ ತೀರ ಕಡಿಮೆ, ಒಂದು ಸಲ ಡಿಸ್ಕ್ ಆಡಿಸಿದರೆ ಅಳಿಸಿಹೋಗುತ್ತವೆ. ಕೈಯಲ್ಲಿ ವೈರ್ ಬ್ರಷ್ ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಓದಬೇಕು. ನೋಡಬೇಕಾದ ಜಾಗಗಳು ಸ್ಕ್ರೂ ಬಾಕ್ಸಿನ (ಸ್ಕ್ರೂ ತಿರುಗುವ ಕೊಳವೆಯ) ಹಿಂತುದಿ, ದವಡೆಯ ಕೆಳಗಿನ ಪಕ್ಕಗಳು, ಕಾಲು. ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್ ಕಂಪನಿಯದಾಗಿದ್ದರೆ ಬಾಕ್ಸಿನ ಮೇಲೆ ಹೆಸರೂ ‘ಸಾಲಿಡ್ ಬಾಕ್ಸ್’ (ಅಖಂಡ ಬಾಕ್ಸ್) ಎಂಬ ಮಾತೂ ಸಿಗುತ್ತಿತ್ತು. ಇಲ್ಲಿ ಸಿಕ್ಕಿದ್ದು ಕಾಲಿನ ಮೇಲಿನ 60 ಮಾತ್ರ. ಅದು ಪೌಂಡ್ ಲೆಕ್ಕದ ತೂಕ, ಅಂದರೆ 27.2 ಕೆಜಿ. ತಕ್ಕಡಿ ತೋರಿಸಿದ್ದು 24.5. ಕಡಿಮೆ ಬಿದ್ದದ್ದು ಬೆಂಚಿಗೆ ಕಟ್ಟುವ ಪಟ್ಟಿಯೂ ಅದರ ತಟ್ಟೆಯೂ, ಅವೆರಡೂ ಕಳೆದುಹೋಗಿದ್ದವು.

‘ಇಂಗ್ಲೆಂಡ್’ ಎಂಬ ಅಚ್ಚಿಲ್ಲ, ಹಾಗಾಗಿ 1891ಕ್ಕಿಂತ ಹಳೆಯದು ಎಂದುಬಿಡುವುದು ಸುಲಭ. ಆ ಲೆಕ್ಕ ಹುಟ್ಟಿದ್ದು ಅಮೆರಿಕದ 1890ರ ಸುಂಕದ ಕಾಯಿದೆಯಿಂದ. 1891ರಿಂದ ಆ ದೇಶಕ್ಕೆ ಹೋಗುವ ಮಾಲಿನ ಮೇಲೆ ತಯಾರಾದ ದೇಶದ ಹೆಸರಿರಬೇಕಿತ್ತು. ಭಾರತಕ್ಕೆ ಬಂದ ವೈಸಿಗೆ ಅದನ್ನು ಹಾಗೆಯೇ ಹಚ್ಚಲಾಗದು.

ವಯಸ್ಸಿನ ಬಗ್ಗೆ ಹೆಚ್ಚು ಹೇಳುವುದು ಸ್ಕ್ರೂ ಬಾಕ್ಸ್. ಸ್ಕ್ರೂ ಜಾಮ್ ಆಗಿತ್ತು. ಗ್ಯಾಸ್ ಕಟ್ಟರಿನಿಂದ ಕಾಯಿಸಿದರೆ ಬಿಡುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬಾರದು. ಹಳೆಯ ಬಾಕ್ಸುಗಳಲ್ಲಿ ಒಳಗಿನ ಥ್ರೆಡ್, ಎಂದರೆ ಸ್ಕ್ರೂ ಸುತ್ತು, ಕಡೆದದ್ದಲ್ಲ. ಚೌಕನೆಯ ಪಟ್ಟಿಯನ್ನು ಸ್ಕ್ರೂವಿನ ತೋಡಿಗೆ ಹೊಂದುವಂತೆ ಸುತ್ತಿ, ಆ ಸುರುಳಿಯನ್ನು ಕಬ್ಬಿಣದ ಕೊಳವೆಯೊಳಗೆ ಕೂರಿಸಿ ಹಿತ್ತಾಳೆಯಿಂದ ಬೆಸೆಯುತ್ತಿದ್ದರು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ ಹಿತ್ತಾಳೆ ಕರಗಿ, ಸುರುಳಿ ಸಡಿಲವಾಗಿ, ವೈಸು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಡೀಸೆಲ್ ಹಾಕಿ ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಹಿಡಿಯನ್ನು ಬಿಗಿಯುವ ದಿಕ್ಕಿಗೊಮ್ಮೆ ಬಿಚ್ಚುವ ದಿಕ್ಕಿಗೊಮ್ಮೆ ಸ್ವಲ್ಪಸ್ವಲ್ಪವೇ ಅಲುಗಿಸಿದರೆ ಸಾಕಾಯಿತು. ಒಳಗೆ ಬಟ್ಟೆ ಎಳೆದು ಟಾರ್ಚ್ ಬಿಟ್ಟಾಗ ಥ್ರೆಡ್ಡಿನ ಬುಡದಲ್ಲಿ ಹಳದಿ ಗೆರೆ ಕಂಡಿತು. ಬೆಸುಗೆಯ ಬಾಕ್ಸೇ. ಅಖಂಡ ಲೋಹದಲ್ಲಿ ಥ್ರೆಡ್ ಕಡೆದ ಬಾಕ್ಸು ಅದರ ನಂತರದ ತಲೆಮಾರು. ಹಾಗೆಂದು ಹೊಸದು ಬಂದ ದಿನವೇ ಹಳೆಯದು ನಿಲ್ಲಲಿಲ್ಲ, ಅಗ್ಗದ ವೈಸುಗಳಲ್ಲಿ ಮುಂದುವರಿಯಿತು. ಸ್ಕ್ರೂವಿನದು ಚೌಕ ಥ್ರೆಡ್. 1890ರ ದಶಕದಲ್ಲಿ ಬಂದ ಪಕ್ಕಗಳು ಓರೆಯಾದ, 29 ಡಿಗ್ರಿ ಕೋನದ ಆಕ್ಮೆ ಥ್ರೆಡ್ ಇದ್ದಿದ್ದರೆ ಅದಕ್ಕಿಂತ ಹಳೆಯದಲ್ಲ ಎಂದು ಖಚಿತವಾಗುತ್ತಿತ್ತು. ಚೌಕವಿದ್ದರೆ ಹಾಗೆ ಏನೂ ತೀರ್ಮಾನವಾಗದು.

ಕಟ್ಟುಪಟ್ಟಿ ಇಲ್ಲದಿದ್ದರೂ ಅದರ ಗುರುತು ಉಳಿದಿರುತ್ತದೆ. ತೀರ ಹಳೆಯ ಮಾದರಿಯಲ್ಲಿ ತಟ್ಟೆಯ ನಾಲಿಗೆ ಸ್ಥಿರ ಕಾಲಿನ ಸೀಳಿನೊಳಗೆ ತೂರಿ ಬಂದು, ಬೆಣೆಯಿಂದ ಬಿಗಿಯಾಗುತ್ತಿತ್ತು. ಇಲ್ಲಿ ಸೀಳೇ ಇಲ್ಲ. ಕಾಲಿನ ಅಂಚುಗಳಲ್ಲಿ ಯು ಆಕಾರದ ಪಟ್ಟಿ ಉಜ್ಜಿದ ಸವೆತವಿದೆ. ಆದ್ದರಿಂದ 19ನೇ ಶತಮಾನದ ಆರಂಭಕ್ಕೆ ಒಯ್ಯುವಂತಿಲ್ಲ.

ದವಡೆ ತಿರುಗುವ ಕೀಲಿನ ಬೋಲ್ಟಿಗೆ, ಥ್ರೆಡ್ಡಿನ ಸುತ್ತುಗಳ ಅಂತರ ಅಳೆಯುವ ಪಿಚ್ ಗೇಜ್ ಹಿಡಿದಾಗ 2 ಮಿಮೀ ಬಂತು, ವ್ಯಾಸ 16. ಶುದ್ಧ ಮೆಟ್ರಿಕ್, ಆಮೇಲೆ ಹಾಕಿದ್ದು. 5/8 ಇಂಚಿನದಾಗಿದ್ದರೂ ಗೊಂದಲ ತಪ್ಪುತ್ತಿರಲಿಲ್ಲ: ಬ್ರಿಟಿಷ್ ಅಳತೆಯ ವಿಟ್‌ವರ್ತಿನಲ್ಲೂ ಅಮೆರಿಕನ್ ಒರಟು ಥ್ರೆಡ್ಡಿನಲ್ಲೂ ಇಂಚಿಗೆ 11 ಸುತ್ತು, ವ್ಯತ್ಯಾಸ 55 ಮತ್ತು 60 ಡಿಗ್ರಿಯ ಕೋನದಲ್ಲಿ ಮಾತ್ರ. ಅರ್ಧ ಇಂಚಿನಲ್ಲಾದರೆ 12ಕ್ಕೆ 13, ಕೂಡಲೇ ಗೊತ್ತಾಗುತ್ತದೆ. ದವಡೆ ತೆರೆಯುವ ಸ್ಪ್ರಿಂಗ್ ಕೂಡ ಲಾರಿಯ ಪಟ್ಟೆ ಕತ್ತರಿಸಿ ಮಾಡಿದ್ದು. ಸುಲಭವಾಗಿ ಬದಲಾಗುವ ಬೋಲ್ಟು, ಸ್ಪ್ರಿಂಗು, ಹಿಡಿಗಳ ಸಾಕ್ಷಿಯನ್ನು ಕೊನೆಗೆ ಕೇಳಿದರೆ ಸಾಕು.

ಲೋಹ ಯಾವುದೆಂದು ತಿಳಿಯಲು ಕಾಲಿನ ತುದಿಯಲ್ಲಿ, ನೆಲಕ್ಕೆ ಹೂತುಹೋಗುವ ಭಾಗದಲ್ಲಿ, ಗ್ರೈಂಡರ್ ಕ್ಷಣಮಾತ್ರ ತಾಗಿಸಬಹುದು. ಕಿಡಿ ಮಂದವಾಗಿ, ಉದ್ದಕ್ಕೆ, ಹೆಚ್ಚು ಕವಲೊಡೆಯದೆ ಬಂತು: ಮೆದುಕಬ್ಬಿಣ. ತುಕ್ಕು ತಿಂದ ಕಡೆ ಮರದ ಎಳೆಯಂಥ ಗೆರೆಗಳೂ ಇದ್ದವು. ದವಡೆಯ ಬಾಯಲ್ಲಿ ಉಕ್ಕಿನ ತುಂಡನ್ನು ಕುಲುಮೆಯಲ್ಲೇ ಬೆಸೆದ ಗೆರೆ, ಕೀಲಿನ ಕೆನ್ನೆಗಳಲ್ಲೂ ಅಂಥದ್ದೇ ಗೆರೆ. ಬಿರುಕೆಂದು ತಿಳಿದು ಇವುಗಳ ಮೇಲೆ ಆರ್ಕ್ ವೆಲ್ಡಿಂಗ್ ಎಳೆಸುವವರಿದ್ದಾರೆ. ಪೂರ್ತಿ ತೆರೆದಾಗ ದವಡೆಗಳು ಓರೆಯಾಗಿ ಕಾಣುವುದೂ ದೋಷವಲ್ಲ. ಕೀಲಿನ ಮೇಲೆ ತಿರುಗುವುದರಿಂದ ಅವು ಸಮಾನಾಂತರವಾಗುವುದು ಒಂದೇ ಅಂತರದಲ್ಲಿ. ಪಕ್ಕಕ್ಕೆ ಜರುಗಿದ್ದರೆ ಮಾತ್ರ ಕೀಲು ಸವೆದಿದೆ ಅಥವಾ ಕಾಲು ಬಾಗಿದೆ.

ಚೀಟಿಯಲ್ಲಿ ಬರೆದದ್ದು: ಇಂಗ್ಲಿಷ್ ಮಾದರಿ, ತಯಾರಕರ ಹೆಸರಿಲ್ಲ, 60 ಪೌಂಡ್, ಹಿತ್ತಾಳೆ ಬೆಸುಗೆಯ ಬಾಕ್ಸ್, 19ನೇ ಶತಮಾನದ ನಡುವಿನಿಂದ ಕೊನೆಯವರೆಗೆ, ಬೋಲ್ಟು, ಸ್ಪ್ರಿಂಗು ಈಚಿನವು. ಕೆಳಗೆ ಕೆಂಪು ಶಾಯಿಯಲ್ಲಿ: ಬಾಕ್ಸ್ ಕಾಯಿಸಬೇಡಿ.