ಅಗ್ರಿಕೋಲಾದಲ್ಲಿ ಮಳೆ ಬರಲ್ಲ

ದಸರಾ ರಜೆಗೆ ಅಕ್ಕ, ಭಾವ ಮನೆಗೆ ಬಂದಿದ್ದರು. ಸಂಜೆ ಮೂವರೂ ಅಗ್ರಿಕೋಲಾ ಹರಡಿಕೊಂಡು ಕೂತೆವು. ಜರ್ಮನಿಯ ಉವೆ ರೋಸೆನ್‌ಬರ್ಗ್ ಮಾಡಿದ ಬೋರ್ಡ್ ಆಟ ಇದು, 2007ರಲ್ಲಿ ಬಂತು. ಹದಿನೇಳನೇ ಶತಮಾನದ ಮಧ್ಯ ಯುರೋಪಿನ ರೈತರ ಕಥೆ. ಶುರುವಿಗೆ ಎರಡು ಕೋಣೆಯ ಮರದ ಮನೆ, ಗಂಡ-ಹೆಂಡತಿ, ಅಷ್ಟೇ. ಇರುವುದು 14 ಸುತ್ತು. ಬಿಲ್ಲೆ, ಕಾರ್ಡು ಜೋಡಿಸುವುದೇ ದೊಡ್ಡ ರಗಳೆ.

ಒಂದು ಸುತ್ತಿನಲ್ಲಿ ಒಂದು ಕೆಲಸ ಒಬ್ಬರಿಗೇ. ಅಕ್ಕ ಜೊಂಡು ಎತ್ತಿಕೊಂಡರೆ ನನಗಿಲ್ಲ. ಜೊಂಡಿಲ್ಲದೆ ಕೋಣೆ ಏಳಲ್ಲ, ಕೋಣೆ ಇಲ್ಲದೆ ಬೇಗ ಮಗು ಬರಲ್ಲ, ಮಗು ಇಲ್ಲದಿದ್ದರೆ ದುಡಿಯುವ ಕೈ ಎರಡೇ. ಹಾಗಂತ ಬಾಯಿ ಜಾಸ್ತಿಯಾದರೆ ಅದಕ್ಕೂ ಅನ್ನ ಬೇಕು. ಮೊದಲ ಕೊಯ್ಲು ನಾಲ್ಕನೇ ಸುತ್ತಿಗೆ. ಆಮೇಲೆ 7, 9, 11, 13, 14. ಅಂತರ ಕಿರಿದಾಗುತ್ತಾ ಬರುತ್ತದೆ, ನೋಡಿ. ಪ್ರತಿ ಸಲ ತಲೆಗೆ 2 ಊಟ ಹೊಂದಿಸಬೇಕು. ಕಡಿಮೆ ಬಿದ್ದ ಪ್ರತಿ ಊಟಕ್ಕೂ ಒಂದು ಭಿಕ್ಷೆಯ ಕಾರ್ಡು, 3 ಅಂಕ ಖೋತಾ. ಈ ಆಟದ ಜೀವ ಇರುವುದೇ ಈ ಹೊಟ್ಟೆಪಾಡಿನಲ್ಲಿ.

ಮೊದಲ ಕೊಯ್ಲಿಗೆ ಭಾವನ ಹತ್ತಿರ ಎರಡು ಕುರಿ ಇದ್ದವು. ಜೋಡಿ ಉಳಿದರೆ ಒಂದು ಮರಿ ಗ್ಯಾರಂಟಿ. ಆದರೆ ನಿಯಮದಲ್ಲಿ ಊಟ ಮೊದಲು, ಮರಿ ಆಮೇಲೆ. 4 ಊಟ ಬೇಕಿತ್ತು, ಇದ್ದದ್ದು 2. ಬೇರೆ ದಾರಿಯಿಲ್ಲದೆ ಒಂದು ಕುರಿಯನ್ನು ಒಲೆಗೆ ಹಾಕಿದರು. ಅಲ್ಲಿಗೆ ಮರಿಯೂ ಹೋಯಿತು. ಆ ಬಿಳಿ ಮರದ ತುಂಡನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದರು, ವಾಪಸ್ ಇಡಲು ಮನಸ್ಸಿಲ್ಲ.

ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅಪ್ಪ ಕೇಳಿದರು: "ಇದ್ರಲ್ಲಿ ಮಳೆ ಯಾವಾಗ ಬರುತ್ತೆ?"

"ಬರಲ್ಲ ಅಪ್ಪ."

"ಹಂಗಾದ್ರೆ ಬಿತ್ತಿದ್ದೆಲ್ಲ ಬೆಳೆಯುತ್ತಾ?"

ಬೆಳೆಯುತ್ತದೆ. ಒಂದು ಕಾಳು ಬಿತ್ತಿದರೆ ಮೂರು, ಯಾವತ್ತೂ ಮೂರೇ. ಅಪ್ಪ ನಕ್ಕು ಟೀವಿ ಕಡೆ ತಿರುಗಿದರು. ರೈತನ ಕಣ್ಣಿಗೆ ಇದು ಸುಳ್ಳು ಬೇಸಾಯ, ಸರಿ. ಆದರೆ ಆಟಕ್ಕೆ ಅದೇ ಒಳ್ಳೆಯದು ಅನ್ನುತ್ತೇನೆ. ದಾಳ ಇಲ್ಲ, ಬರ ಇಲ್ಲ. ಶುರುವಿಗೆ ಕೈಗೆ ಬರುವ 14 ಕಾರ್ಡು ಬಿಟ್ಟರೆ ಅದೃಷ್ಟವನ್ನು ಬೈಯುವುದಕ್ಕೆ ಜಾಗ ಕಡಿಮೆ.

ನನ್ನ ತಕರಾರು ಲೆಕ್ಕ ಹಾಕುವ ರೀತಿಯ ಮೇಲೆ. ಹೊಲದಲ್ಲಿ ಖಾಲಿ ಬಿಟ್ಟ ಪ್ರತಿ ಜಾಗಕ್ಕೂ ಒಂದು ಅಂಕ ಕಡಿತ. ಹಂದಿ ಇಲ್ಲದಿದ್ದರೆ ಒಂದು, ದನ ಇಲ್ಲದಿದ್ದರೆ ಒಂದು, ತರಕಾರಿಗೂ ಅದೇ. ಹೀಗಾಗಿ ಎಲ್ಲರೂ ಎಲ್ಲವನ್ನೂ ಚೂರು ಚೂರು ಮಾಡಲೇಬೇಕು. ಕೊನೆಗೆ ಮೂರು ಹೊಲವೂ ಒಂದೇ ಥರ ಕಾಣುತ್ತವೆ. ಒಬ್ಬರಿಗೊಬ್ಬರು ಅಡ್ಡಗಾಲು ಹಾಕುವುದು ಬಿಟ್ಟರೆ ಕೊಡು-ಕೊಳ್ಳುವುದೂ ಇಲ್ಲ. ಪಕ್ಕದವರು ಯೋಚಿಸುತ್ತಾ ಕೂತರೆ ಸುಮ್ನೆ ಕಾಯಬೇಕು.

ಭಾವ ಹಟಕ್ಕೆ ಬಿದ್ದು ಬರೀ ಕುರಿ ಸಾಕಿದರು. ಕೊನೆಗೆ ಎಂಟಾದವು. ಅಂಕ ನಾಲ್ಕು. ಹಂದಿ, ದನ ಇಲ್ಲದ್ದಕ್ಕೆ ಎರಡು ಹೋಯಿತು. ಗೆದ್ದದ್ದು ಅಕ್ಕ.

"ಇನ್ನೊಂದು ನಾಲ್ಕು ಕುರಿ ಇದ್ದಿದ್ರೆ?" ಅಂದರು ಭಾವ.

"ಆಗ್ಲೂ ನಾಲ್ಕೇ ಅಂಕ," ಅಂದಳು ಅಕ್ಕ.