ಕೊಂದವರ ಹೆಸರು ಹೇಳದೆ ಅರ್ಧ ಗಂಟೆ

ಜೂನ್ 19 ಕೇರಳದಲ್ಲಿ ಓದಿನ ದಿನ. ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಆ ದಿನ, ಮರುವರ್ಷದಿಂದ ರಾಜ್ಯ ಇಡೀ ಆಚರಣೆ ಶುರುವಾಯ್ತು, ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಕನ್ನಡ ಗ್ರಂಥಾಲಯಗಳಲ್ಲೂ ಆ ವಾರ ಎಂತಾದ್ರೂ ಒಂದು ಕಾರ್ಯಕ್ರಮ ಇರ್ತದೆ. ಬದಿಯಡ್ಕದಿಂದ ಒಳಗೆ ಹೋದ್ರೆ ನಮ್ಮೂರ ಗ್ರಂಥಾಲಯ. ಅಲ್ಲಿಯ ಕಾರ್ಯದರ್ಶಿ ಫೋನ್ ಮಾಡಿ "ಟೀಚರೇ, ಈ ಸಲ ಪುಸ್ತಕ ಪರಿಚಯ ನೀವು ಮಾಡ್ಬೇಕು, ಅರ್ಧ ಗಂಟೆ ಸಾಕು" ಅಂದ್ರು. ಕಯ್ಯಾರರ ಕವಿತೆಯೋ ಗೋವಿಂದ ಪೈಗಳ ಬಗ್ಗೆಯೋ ಮಾತಾಡ್ತೇನೆ ಅಂತ ಅವರು ಅಂದ್ಕೊಂಡಿರ್ಬೇಕು. ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಅಟ್ ದಿ ವಿಕರೇಜ್' ಅಂದಾಗ "ಪತ್ತೇದಾರಿಯಾ ಟೀಚರೇ?" ಅಂತ ಎರಡು ಸಲ ಕೇಳಿದ್ರು. ಹೌದು, ಪತ್ತೇದಾರಿಯೇ, ಅದರಲ್ಲೂ ಕೋಜಿ ಅಂತ ಕರೀತಾರಲ್ಲ ಆ ಜಾತಿಯದ್ದು ಅಂದೆ.

ಈ ಕೋಜಿ ಮಿಸ್ಟರಿ ನನಗೆ ತುಂಬಾ ವರ್ಷದಿಂದ ಹಿಡಿಸಿದ ಓದು. ಸಣ್ಣ ಊರು, ಒಬ್ಬರಿಗೊಬ್ಬರು ಗೊತ್ತಿರುವ ಜನ, ಒಂದು ಕೊಲೆ, ಅದೂ ಹೆಚ್ಚಾಗಿ ನಮ್ಮ ಕಣ್ಣೆದುರು ನಡೆಯೂದಿಲ್ಲ, ರಕ್ತ ಮಾಂಸದ ವರ್ಣನೆ ಇಲ್ಲ, ಮತ್ತೆ ಪತ್ತೆ ಮಾಡುವವರು ಪೋಲೀಸರಲ್ಲ, ಸಂಬಳ ಇಲ್ಲದ ಯಾರೋ ಒಬ್ಬರು, ಮುದುಕಿಯೋ ಪಾದ್ರಿಯೋ ಬೇಕರಿ ಇಟ್ಟವಳೋ. ಚೆಸ್ಟರ್ಟನ್‌ನ ಫಾದರ್ ಬ್ರೌನ್ ಕಥೆಗಳ ಮೊದಲ ಸಂಕಲನ ಬಂದದ್ದು 1911ರಲ್ಲಿ, ರಿಚರ್ಡ್ ಓಸ್ಮನ್‌ನ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' 2020ರಲ್ಲಿ, ಈ ನೂರು ವರ್ಷದಲ್ಲಿ ಈ ಜಾತಿಯ ಪುಸ್ತಕ ಎಷ್ಟು ಬಂದಿದ್ಯೋ ಲೆಕ್ಕ ಇಟ್ಟವರಿಲ್ಲ. ಓದಿದ್ದಕ್ಕೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ವಿಮರ್ಶೆ ಬರೆದಿಡೂದು ನನ್ನ ಅಭ್ಯಾಸ, ಅರ್ಧ ಪುಟ, ಕೆಲವಕ್ಕೆ ಮೂರು ಪುಟ. ಆದ್ರೆ ಜನರ ಎದುರು ನಿಂತು ಹೇಳೂದು ಬೇರೆ ಕೆಲಸ. ಕೇಳುವವರು ನಾಳೆ ಅದೇ ಪುಸ್ತಕ ಓದ್ಬಹುದು, ಕೊಂದದ್ದು ಯಾರು ಅಂತ ನನ್ನ ಬಾಯಿಂದ ಬಂದ್ರೆ ಅವರ ಓದನ್ನು ನಾನೇ ಕಿತ್ಕೊಂಡ ಹಾಗೆ.

ಅದಕ್ಕೆ ಮೊದಲು ಮನೆಯಲ್ಲೇ ಹೇಳಿ ನೋಡುವ ಅಂತ ಅನ್ನಿಸ್ತು. ಮಳೆಗಾಲ ಶುರುವಾದ ಮೇಲೆ ರಾತ್ರಿ ಊಟ ಆದ್ರೆ ನಮ್ಮಲ್ಲಿ ಅಡಿಕೆ ಸುಲಿಯೂದುಂಟು, ಒಣಗಿಸಿ ಇಟ್ಟದ್ದನ್ನು ಜಗಲಿಯಲ್ಲಿ ರಾಶಿ ಹಾಕಿ ಎಲ್ಲರೂ ಸುತ್ತ ಕೂರೂದು, ಕೈಗೆ ಕೆಲಸ, ಕಿವಿಗೆ ಪುರುಸೊತ್ತು. ದೊಡ್ಡಮ್ಮ ಮಳೆಗಾಲಕ್ಕೆ ನಮ್ಮಲ್ಲೇ ಇರ್ತಾರೆ. ನಾನು ಪುಸ್ತಕ ಹಿಡ್ಕೊಂಡು ಇಂಗ್ಲಿಷಲ್ಲಿ ಓದಿ ನಮ್ಮ ಮನೆ ಭಾಷೆ ಹವ್ಯಕ ಕನ್ನಡದಲ್ಲಿ ಹೇಳ್ತಾ ಹೋದೆ. ಕಥೆ ಹೇಳುವವನು ಆ ಊರಿನ ಪಾದ್ರಿಯೇ. ಅವನದೇ ಓದುವ ಕೋಣೆಯಲ್ಲಿ ಕರ್ನಲ್ ಪ್ರೊದರೋ ಅಂತ ಊರಿಗೆಲ್ಲ ಬೇಡವಾದ ಒಬ್ಬ ದೊಡ್ಡ ಮನುಷ್ಯ ಗುಂಡೇಟು ತಿಂದು ಸತ್ತು ಬಿದ್ದಿರ್ತಾನೆ, ಪಕ್ಕದ ಮನೆಯ ಮಿಸ್ ಮಾರ್ಪಲ್ ತೋಟದಲ್ಲಿ ಗಿಡ ನೋಡ್ತಾ, ದುರ್ಬೀನಲ್ಲಿ ಹಕ್ಕಿ ನೋಡ್ತಾ, ಯಾರು ಬಂದ್ರು ಯಾರು ಹೋದ್ರು ಎಲ್ಲ ಕಂಡಿರ್ತಾಳೆ. ಅವನು ಸತ್ರೆ ಸಂತೋಷಪಡುವವರು ಕಡಿಮೆ ಅಂದ್ರೆ ಏಳು ಜನ ಇದ್ದಾರೆ ಅಂತ ಅವಳದ್ದೊಂದು ಲೆಕ್ಕ. ದೊಡ್ಡಮ್ಮ ಆ ಏಳು ಜನ ಯಾರ್ಯಾರು ಅಂತ ಕೂಡ್ಲೇ ಬೆರಳು ಮಡಚ್ಲಿಕ್ಕೆ ಶುರು ಮಾಡಿದ್ರು.

ಆ ಕೋಣೆಯಲ್ಲೊಂದು ಗಡಿಯಾರ ಉಂಟು. ಪಾದ್ರಿ ಅದನ್ನು ಯಾವಾಗ್ಲೂ ಕಾಲು ಗಂಟೆ ಮುಂದೆ ಇಟ್ಟಿರ್ತಾನೆ, ಹೊತ್ತಿಗೆ ಸರಿಯಾಗಿ ಹೊರಡ್ಲಿಕ್ಕೆ. ಕೊಲೆಯಾದ ಜಾಗದಲ್ಲಿ ಅದು ಬಿದ್ದು 6.22ಕ್ಕೆ ನಿಂತಿರ್ತದೆ. ಇನ್‌ಸ್ಪೆಕ್ಟರ್ ಸ್ಲ್ಯಾಕ್ ಬರ್ತಾನೆ, ಭಾರೀ ಗಡಿಬಿಡಿಯ ಮನುಷ್ಯ, ಪಾದ್ರಿ ಆ ಗಡಿಯಾರದ ವಿಷಯ ಹೇಳ್ಲಿಕ್ಕೆ ಹೊರಟ್ರೆ ಮಾತು ಮುಗಿಸ್ಲಿಕ್ಕೇ ಬಿಡೂದಿಲ್ಲ. ಅಷ್ಟಾಗುವಾಗ ದೊಡ್ಡಮ್ಮ ಸುಲಿಯೂದು ನಿಲ್ಲಿಸಿ "ಆ ಪೋಲೀಸಂಗೆ ಕೆಮಿ (ಕಿವಿ) ಇಲ್ಲೆಯಾ? ಪಾದ್ರಿ ಎಂತದೋ ಹೇಳ್ಲೆ ಹೆರಟರೆ ಬಾಯಿ ಮುಚ್ಚುಸುತ್ತನ್ನೆ!" ಅಂದ್ರು. ನಮ್ಮ ಮನೆಯ ಗೋಡೆ ಗಡಿಯಾರವೂ ಹತ್ತು ನಿಮಿಷ ಮುಂದೆಯೇ, ಬೆಳಗ್ಗಿನ ಬಸ್ಸು ತಪ್ಪಬಾರ್ದು ಅಂತ, ಅದು ಮನೆಯವರಿಗೆಲ್ಲ ಗೊತ್ತು, ಮನೆಗೆ ಹೊಸದಾಗಿ ಬಂದವರಿಗೆ ಗೊತ್ತಿಲ್ಲ. ಹವ್ಯಾಸಿ ಪತ್ತೇದಾರ ಅಂದ್ರೆ ಎಂತ ಅನ್ನೂದು ನನಗೆ ಆ ರಾತ್ರಿ ಜಗಲಿಯಲ್ಲಿ ಪೂರ್ತಿ ಸ್ಪಷ್ಟ ಆಯ್ತು. ಮಾರ್ಪಲ್‌ಳಿಗೆ ಪೋಲೀಸರಿಗಿಂತ ಹೆಚ್ಚು ಬುದ್ಧಿ ಉಂಟು ಅಂತಲ್ಲ, ಯಾವ ಮನೆಯ ಗಡಿಯಾರ ಮುಂದೆ ಹೋಗ್ತದೆ ಅಂತ ಗೊತ್ತಿರೂದು ಅವಳಿಗೆ, ಜನ ಅವಳೆದುರು ಹೆದರದೆ ಮಾತಾಡ್ತಾರೆ, ಅವಳು ಪೂರ್ತಿ ಕೇಳ್ತಾಳೆ. ಕ್ರಿಸ್ಟಿಗೆ ಮಾರ್ಪಲ್ ಹೊಳೆದದ್ದು ಲಂಡನ್ನಿನ ಈಲಿಂಗ್‌ನಲ್ಲಿದ್ದ ಅಜ್ಜಿಯ ಸ್ನೇಹಿತೆಯರನ್ನು ನೋಡಿದ್ದರಿಂದ, ಅಂಥ ಅಜ್ಜಿಯರು ನಮ್ಮ ಸೀಮೆಯಲ್ಲಿ ಬೇಕಷ್ಟು ಇದ್ದಾರೆ.

ಕೊನೆಯ ಅಧ್ಯಾಯಗಳ ಹತ್ತಿರ ಬಂದಾಗ ದೊಡ್ಡಮ್ಮನೇ ಕೈ ಅಡ್ಡ ಹಿಡಿದು "ಆರು ಹೇಳಿ ಈಗ ಹೇಳೆಡ" ಅಂದ್ರು, ಯಾರು ಅಂತ ಈಗ ಹೇಳ್ಬೇಡ, ಮರುದಿನಕ್ಕೆ ಯೋಚನೆ ಮಾಡ್ಲಿಕ್ಕೆ ಇರ್ಲಿ ಅಂತ.

ಕಾರ್ಯಕ್ರಮದ ದಿನ ಮಧ್ಯಾಹ್ನದಿಂದಲೇ ಜೋರು ಮಳೆ, ಕರೆಂಟ್ ಹೋಗಿತ್ತು, ಮೈಕ್ ಇಲ್ಲ, ಹೆಂಚಿನ ಮೇಲೆ ಮಳೆ ಬೀಳುವ ಶಬ್ದಕ್ಕೆ ಹಿಂದಿನ ಬೆಂಚಿನವರೆಲ್ಲ ಎದ್ದು ಮುಂದೆ ಬಂದು ಕೂತ್ರು. ಹೈಸ್ಕೂಲು ಮಕ್ಕಳು, ಕುಟುಂಬಶ್ರೀ ಮಹಿಳಾ ಸಂಘದ ಕೆಲವರು, ನಿವೃತ್ತ ಮಾಷ್ಟ್ರುಗಳು, ಪೇಪರ್ ಓದ್ಲಿಕ್ಕೆ ದಿನಾ ಬರುವ ಇಬ್ಬರು ಮೂವರು. ಕಥೆಯ ಮೊದಲ ಕಾಲು ಭಾಗ ಮಾತ್ರ ಹೇಳ್ತೇನೆ, ಅಲ್ಲಿಂದ ಮುಂದೆ ಕಥೆಯ ಒಂದು ಘಟನೆಯನ್ನೂ ಹೇಳೂದಿಲ್ಲ, ಆದ್ರೆ ಪುಸ್ತಕ ಹೇಗುಂಟು ಅಂತ ಪೂರ್ತಿ ಹೇಳ್ತೇನೆ ಅಂತ ಮೊದಲೇ ಹೇಳಿಬಿಟ್ಟೆ.

1927ರ ಒಂದು ಸಣ್ಣಕಥೆಯಲ್ಲಿ ಮೊದಲು ಕಂಡ ಮಾರ್ಪಲ್ 1930ರ ಈ ಪುಸ್ತಕದಲ್ಲಿ ಮೊದಲ ಸಲ ಕಾದಂಬರಿಗೆ ಬಂದ್ಲು. ಅದಕ್ಕಿಂತ ಒಂದು ವರ್ಷ ಮೊದಲು, 1929ರಲ್ಲಿ, ರೊನಾಲ್ಡ್ ನಾಕ್ಸ್ ಅಂತ ಒಬ್ಬರು, ಅವರೂ ಪಾದ್ರಿಯೇ, ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿದ್ರು. ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗ್ಬೇಕು ಅನ್ನೂದು ಅದರಲ್ಲೊಂದು, ನನ್ನ ಲೆಕ್ಕದಲ್ಲಿ ಉಳಿದ ಒಂಬತ್ತು ಇಲ್ಲದಿದ್ರೂ ನಡೀತದೆ, ಇದು ಬೇಕೇ ಬೇಕು. ಅದಕ್ಕಾಗಿಯೇ ನಾನು ಇಂಥ ಪುಸ್ತಕಕ್ಕೆ ವಿಮರ್ಶೆ ಬರೆಯೂದು ಎರಡನೇ ಓದಿನ ನಂತರ. ಮೊದಲ ಓದು ನನ್ನ ಸುಖಕ್ಕೆ. ಎರಡನೇ ಸಲ ಕೊಂದವರು ಯಾರು ಅಂತ ಗೊತ್ತಿಟ್ಕೊಂಡು ಓದುವಾಗ ಲೇಖಕಿ ಎಲ್ಲಿ ನಮ್ಮ ಕಣ್ಣೆದುರೇ ಇಟ್ಟಿದ್ಳು, ಎಲ್ಲಿ ಬೇಕಂತಲೇ ಬೇರೆ ಕಡೆ ನೋಡುವ ಹಾಗೆ ಮಾಡಿದ್ಳು, ಎಲ್ಲಿಯಾದ್ರೂ ಸುಳ್ಳು ಹೇಳಿದ್ದಾಳಾ ಎಲ್ಲ ಕಾಣ್ತದೆ. ಈ ಪುಸ್ತಕದಲ್ಲಿ ಸುಳ್ಳು ನನಗೆ ಸಿಕ್ಕಲಿಲ್ಲ. ಆ ಗಡಿಯಾರದ ಹಾಗೆ ಎಲ್ಲ ಎದುರಲ್ಲೇ ಉಂಟು.

ಕೊರತೆಯನ್ನೂ ಹೇಳಿದೆ. ಪಾತ್ರ ಜಾಸ್ತಿ, ಉಪಕಥೆ ಜಾಸ್ತಿ. ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ, 1977ರಲ್ಲಿ ಬಂದ ಆತ್ಮಕಥೆಯಲ್ಲಿ ಕ್ರಿಸ್ಟಿಯೇ ಈ ಕಾದಂಬರಿ ಬಗ್ಗೆ ಹಾಗೆ ಬರೆದುಕೊಂಡಿದ್ದಾರೆ. ಇನ್ನೊಂದು ಮಾತು ಈ ಇಡೀ ಜಾತಿಯ ಪುಸ್ತಕಗಳಿಗೇ ಸೇರಿದ್ದು, ಸತ್ತವರಿಗಾಗಿ ಅಳುವವರು ಕಡಿಮೆ. ಒಂದು ಮನೆಯಲ್ಲಿ ಸಾವಾದ್ರೆ ಆ ಮನೆ ಹೇಗಿರ್ತದೆ ಅಂತ ನಮಗೆಲ್ಲ ಗೊತ್ತುಂಟು, ಕೋಜಿಯಲ್ಲಿ ಮರುದಿನವೇ ಟೀ ಕುಡೀತಾ ಯಾರಿರ್ಬಹುದು ಅಂತ ಚರ್ಚೆ. ಈಗೀಗ ಬರುವ ಕೆಲವದರಲ್ಲಿ ಇದು ಇನ್ನೂ ಹೆಚ್ಚು, ಅಂಗಡಿ ಇಟ್ಟ ನಾಯಕಿ, ಒಂದು ಬೆಕ್ಕು, ಪುಸ್ತಕದ ಹಿಂದೆ ಕೇಕಿನ ರೆಸಿಪಿ, ಪೋಲೀಸಿನವ ಬಂದು ಕೇಸಿನ ಗುಟ್ಟನ್ನೆಲ್ಲ ಅವಳಿಗೆ ಕಾರಣವೇ ಇಲ್ಲದೆ ಹೇಳಿ ಹೋಗ್ತಾನೆ. ಅಂಥದ್ದಕ್ಕೆ ನಾನು ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಯೂದು. ಹವ್ಯಾಸಿಗೆ ವಿಷಯ ಗೊತ್ತಾಗ್ಲಿಕ್ಕೆ ಅವಳದೇ ಆದ ದಾರಿ ಬೇಕು, ಅವಳ ಕಣ್ಣು, ಅವಳ ಕಿವಿ, ಅವಳಿಗೆ ಆ ಊರಿನ ಬಳಕೆ.

ಮುಗಿಸಿದಾಗ ನಿವೃತ್ತ ಮಾಷ್ಟ್ರೊಬ್ಬರು ಎದ್ದರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. "ಟೀಚರೇ, ಕೀಚಕನನ್ನು ಕೊಂದದ್ದು ಭೀಮ ಅಂತ ಗೊತ್ತಿಲ್ಲದವರು ಈ ಊರಲ್ಲಿ ಯಾರಿದ್ದಾರೆ? ಆದ್ರೂ ರಾತ್ರಿ ಇಡೀ ಕೂತು ನೋಡ್ತೇವೆ. ಹೆಸರು ಮುಚ್ಚಿಟ್ರೆ ಮಾತ್ರ ಉಳಿಯುವ ಕಥೆ ಅದೆಂಥ ಕಥೆ?" ಅಂದ್ರು. ಒಳ್ಳೇ ಪ್ರಶ್ನೆ, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ನಾಡಿನಲ್ಲಿ ಬರಬೇಕಾದ್ದೇ. ನಾನು ಹೇಳಿದ್ದು ಇಷ್ಟು, ಮಾಷ್ಟ್ರೇ, ಹೆಸರು ಗೊತ್ತಾದ ಮೇಲೂ ಉಳಿಯುವ ಪುಸ್ತಕವನ್ನೇ ನಾನಿವತ್ತು ತಂದದ್ದು, ಎರಡು ಸಲ ಓದಿ ತಂದದ್ದು, ಆದ್ರೆ ಗೊತ್ತಿಲ್ಲದೆ ಓದುವ ಸಂತೋಷ ಒಂದು ಪುಸ್ತಕಕ್ಕೆ ಒಂದೇ ಸಲ ಸಿಗೂದು, ಅದನ್ನು ಯಾರಿಂದಲೂ ತೆಗೀಲಿಕ್ಕೆ ನನಗೆ ಹಕ್ಕಿಲ್ಲ. ಅವರು ಒಪ್ಪಿದ್ರೋ ಇಲ್ಲವೋ, ಕೂತ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಗನಾಗಿದ್ದಾಗ ಪಾಠಪುಸ್ತಕದ ಒಳಗಿಟ್ಟು ಓದಿದ್ದನ್ನು ಪಕ್ಕದವರಿಗೆ ತುಂಬಾ ಹೊತ್ತು ಹೇಳ್ತಾ ಇದ್ರು.

ಮತ್ತೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ಳು, ನಮ್ಮಲ್ಲಿ ಹೀಗೊಂದು ಕಥೆ ಆದ್ರೆ ಪತ್ತೆ ಮಾಡುವವರು ಯಾರಾಗ್ಬಹುದು ಅಂತ. ಅಲ್ಲಿಗೆ ಅರ್ಧ ಗಂಟೆಯ ಕಾರ್ಯಕ್ರಮ ಸಂಜೆವರೆಗೆ ಹೋಯ್ತು. ಡೈರಿಯಲ್ಲಿ ಹಾಲು ಅಳೆಯುವವರು, ಯಾವ ಮನೆಯಿಂದ ಇವತ್ತು ಹಾಲು ಬರಲಿಲ್ಲ ಅಂತ ಮೊದಲು ಗೊತ್ತಾಗೂದು ಅವರಿಗೆ ಅಂತ ಒಬ್ಬರು. ಮನೆಮನೆಗೆ ಬೈಕಲ್ಲಿ ಮೀನು ತರುವ ಬ್ಯಾರಿ ಅಂತ ಇನ್ನೊಬ್ಬರು. ಅಡಿಕೆ ಮರ ಹತ್ತಿ ಬೋರ್ಡೋ ಮದ್ದು ಬಿಡುವವರಿಗೆ ಮೇಲಿಂದ ಎರಡು ಮೂರು ಮನೆಯ ಅಂಗಳ ಕಾಣ್ತದೆ ಅಂತ ಒಬ್ಬ ಹುಡುಗ, ಅದು ನನಗೆ ತುಂಬಾ ಹಿಡಿಸ್ತು, ಮಾರ್ಪಲ್‌ಳ ದುರ್ಬೀನಿಗೆ ಏನೂ ಕಡಿಮೆ ಇಲ್ಲ. ಕುಟುಂಬಶ್ರೀಯ ಅಕ್ಕ ಒಬ್ಬರು ಹೇಳಿದ ಮಾತು ಇನ್ನೂ ಮುಂದಿನದ್ದು. ಇಲ್ಲಿ ಒಂದು ಬೀದಿಯಲ್ಲಿ ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ ಎಲ್ಲ ಉಂಟು, ಹೊರಗಿಂದ ಬಂದ ಪೋಲೀಸಿನವರಿಗೆ ಹೆಚ್ಚಾಗಿ ಮಲಯಾಳಂ ಮಾತ್ರ, ಸಾಕ್ಷಿ ಹೇಳುವ ಅಜ್ಜಿಗೆ ತುಳು ಬಿಟ್ಟು ಬೇರೆ ಬಾರದು, ಹಾಗಾಗಿ ಎಲ್ಲ ಭಾಷೆಯೂ ಕೇಳಿ ಗೊತ್ತಿರುವ ನಮ್ಮಂಥ ಒಬ್ಬಳೇ ಕಂಡುಹಿಡೀಬೇಕು ಅಂದ್ರು. ಮಾರ್ಪಲ್‌ಳ ಊರು, ಇಂಗ್ಲೆಂಡಿನ ಸೇಂಟ್ ಮೇರಿ ಮೀಡ್‌ನಲ್ಲಿ ಇಷ್ಟು ಸೌಕರ್ಯ ಎಲ್ಲುಂಟು!

ಹೊರಡುವಾಗ ಕಾರ್ಯದರ್ಶಿಯವರು ಪುಸ್ತಕ ಗ್ರಂಥಾಲಯಕ್ಕೆ ಕೊಟ್ಟು ಹೋಗ್ತೀರಾ ಅಂತ ಕೇಳಿದ್ರು. ಕೊಡ್ಲಿಕ್ಕೆ ಆಗೂದಿಲ್ಲ, ದೊಡ್ಡಮ್ಮನಿಗೆ ಕೊನೆಯ ಎರಡು ಅಧ್ಯಾಯ ಓದಿ ಹೇಳ್ಲಿಕ್ಕೆ ಬಾಕಿ ಉಂಟು, ಮುಂದಿನ ವಾರ ತಂದುಕೊಡ್ತೇನೆ ಅಂದೆ. ಆ ಒಂಬತ್ತನೇ ಕ್ಲಾಸಿನ ಹುಡುಗಿ ಆಗ್ಲೇ ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆಸಿ ಆಗಿತ್ತು, ಅವಳ ಹಿಂದೆ ಮಾಷ್ಟ್ರದ್ದೂ.