ಕೊರತೆ ಇದ್ದರೆ ದೇಶ ಮುಳುಗುತ್ತದಾ?

ಮಾಟುಂಗಾದಲ್ಲಿ ನಮ್ಮ ಊರಿನ ಕಡೆಯವರದ್ದೇ ಒಂದು ಹೋಟೆಲಿದೆ. ಶನಿವಾರ ಬಲ್ಲಾರ್ಡ್ ಎಸ್ಟೇಟಿನ ಆಫೀಸು ಬೇಗ ಮುಗಿಯುತ್ತದೆ. ಡೊಂಬಿವಲಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದು ಒಂದು ಕಾಫಿ ಕುಡಿಯುವುದು ನನ್ನ ಅಭ್ಯಾಸ. ಗಲ್ಲೆಯಲ್ಲಿ ಕೂತ ಅಣ್ಣ ನನ್ನನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಮಾರಾಯಾ, ನಾವು ಹೊರಗೆ ಮಾರುವುದಕ್ಕಿಂತ ಹೊರಗಿಂದ ಕೊಳ್ಳುವುದೇ ಜಾಸ್ತಿ ಅಂತೆ. ಹೀಗೇ ಆದ್ರೆ ದೇಶ ಮುಳುಗೂದಿಲ್ವಾ? ಚೀನಾದ್ದಕ್ಕೆಲ್ಲ ನೂರು ಪರ್ಸೆಂಟ್ ಸುಂಕ ಜಡಿದ್ರೆ ಆಯ್ತಲ್ಲ?"

ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷದಿಂದ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಇದ್ದೇನೆ. ನಾವಾ ಶೇವಾ ಬಂದರಿನಲ್ಲಿ ಇಳಿಯುವ ಕಂಟೇನರುಗಳ ಕಾಗದಪತ್ರ ನೋಡುವುದು ನನ್ನ ಕೆಲಸ. ಅಷ್ಟಕ್ಕೇ ಜನ ನನ್ನನ್ನು ದೊಡ್ಡ ಪಂಡಿತ ಅಂದುಕೊಂಡಿದ್ದಾರೆ. ನಮ್ಮೂರಿನವರ ಸಂಘದ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಇದೇ ಪ್ರಶ್ನೆ. 2025ರಲ್ಲಿ ಟ್ರಂಪ್ ಸುಂಕದ ಗಲಾಟೆ ಶುರುವಾದ ಮೇಲಂತೂ ಪಲ್ಯ ಬಡಿಸುವವರೂ ಸೌಟು ಹಿಡಿದು ನಿಂತು ಕೇಳುತ್ತಾರೆ. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ಮುಳುಗುವುದಿಲ್ಲ. ಹಾಗಂತ ನಿಶ್ಚಿಂತೆಯಾಗಿ ಮಲಗುವ ಹಾಗೂ ಇಲ್ಲ. ಕೊರತೆ ಎಷ್ಟು ಅನ್ನುವುದಕ್ಕಿಂತ ಆ ಕೊರತೆಯನ್ನು ಯಾವ ದುಡ್ಡಿನಿಂದ ತುಂಬುತ್ತಿದ್ದೇವೆ ಅನ್ನುವುದನ್ನು ನೋಡಬೇಕು.

ನಮ್ಮೂರು ಕುಂದಾಪುರದ ಹತ್ತಿರ. ನಾನು ಚಿಕ್ಕವನಿದ್ದಾಗ ನಮ್ಮೂರಿಂದ ಮುಂಬೈಗೆ ಹೋಗುತ್ತಿದ್ದ ಸರಕು ಅಂದರೆ ಹಪ್ಪಳ, ಉಪ್ಪಿನಕಾಯಿ ಮತ್ತು ಹುಡುಗರು. ಮುಂಬೈಯಿಂದ ಊರಿಗೆ ಬರುತ್ತಿದ್ದದ್ದು ಬಟ್ಟೆ, ಟಾರ್ಚು, ಟ್ರಾನ್ಸಿಸ್ಟರು, ಕೊಡೆ, ಔಷಧಿ. ಯಾರಾದರೂ ಲೆಕ್ಕ ಬರೆದಿದ್ದರೆ ನಮ್ಮೂರಿಗೆ ಮುಂಬೈ ಜೊತೆ ಭಯಂಕರ ವ್ಯಾಪಾರ ಕೊರತೆ ಅಂತ ಬರುತ್ತಿತ್ತು. ಆದರೆ ಊರು ಮುಳುಗಲಿಲ್ಲ. ತಿಂಗಳಿಗೊಮ್ಮೆ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ಹಿಡಿದುಕೊಂಡು ಬರುತ್ತಿದ್ದ. ಇಲ್ಲಿನ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರ ದುಡ್ಡು ಅದು.

ನಮ್ಮ ಬೀದಿಯಲ್ಲೇ ಎರಡು ಮನೆಗಳಿದ್ದವು. ಎರಡೂ ಮನೆಯವರು ದುಡಿದದ್ದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಿದ್ದರು. ಒಂದು ಮನೆಯಲ್ಲಿ ಸಾಲ ತಂದು ಬಾವಿಗೆ ಪಂಪು ಹಾಕಿಸಿದರು, ಮಗಳಿಗೆ ಟೀಚರ್ ಟ್ರೈನಿಂಗ್ ಕೊಡಿಸಿದರು. ಇನ್ನೊಂದು ಮನೆಯಲ್ಲಿ ಗದ್ದೆ ಅಡವಿಟ್ಟು ಮದುವೆ, ಮುಂಜಿ, ಮತ್ತೊಂದು ಮದುವೆ ಮಾಡಿದರು. ಐದು ವರ್ಷ ಹೊರಗಿನಿಂದ ನೋಡಿದವರಿಗೆ ಎರಡೂ ಮನೆಯ ಕೊರತೆ ಒಂದೇ ತರಹ ಕಾಣುತ್ತಿತ್ತು. ಆರನೇ ವರ್ಷ ಸಾಲ ಕೊಟ್ಟವರು ಬಾಗಿಲು ತಟ್ಟಿದಾಗ ಗೊತ್ತಾಯಿತು ಯಾರ ಕಥೆ ಏನು ಅಂತ.

ಈಗ ದೇಶದ ಲೆಕ್ಕ ನೋಡಿ. 2024-25ರಲ್ಲಿ ನಾವು ಹೊರಗೆ ಮಾರಿದ ಸರಕು ಸುಮಾರು 437 ಬಿಲಿಯನ್ ಡಾಲರ್, ಕೊಂಡದ್ದು ಸುಮಾರು 720 ಬಿಲಿಯನ್. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಅಂತೂ 283 ಬಿಲಿಯನ್ ಕೊರತೆ. ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಇದೇ, ಅಣ್ಣನ ನಿದ್ದೆ ಕೆಡಿಸುವುದೂ ಇದೇ. ಆದರೆ ಬೆಂಗಳೂರು, ಪುಣೆಯ ಸಾಫ್ಟ್‌ವೇರಿನವರು ಮತ್ತು ಬೇರೆ ಸೇವೆಗಳವರು ಸೇರಿ ತಂದ ನಿವ್ವಳ ಗಳಿಕೆ ಹತ್ತಿರ ಹತ್ತಿರ 190 ಬಿಲಿಯನ್. ಹೊರದೇಶದಲ್ಲಿ ದುಡಿಯುವ ನಮ್ಮವರು ಕಳಿಸಿದ್ದು ಸುಮಾರು 135 ಬಿಲಿಯನ್. ಅದೇ ಹಳೆಯ ಮನಿಯಾರ್ಡರು, ಈಗ ದುಬೈಯಿಂದ, ನ್ಯೂಜೆರ್ಸಿಯಿಂದ ಬರುತ್ತದೆ ಅಷ್ಟೆ. ನಾವು ಹೊರಗಿನವರಿಗೆ ಕೊಡಬೇಕಾದ ಬಡ್ಡಿ, ಲಾಭ ಎಲ್ಲ ಕಳೆದ ಮೇಲೆ ಉಳಿದ ನಿಜವಾದ ಕೊರತೆ ಸುಮಾರು 23 ಬಿಲಿಯನ್. ದೇಶದ ಒಟ್ಟು ಉತ್ಪನ್ನದ 0.6%. ಇದಕ್ಕೆ ಚಾಲ್ತಿ ಖಾತೆ ಕೊರತೆ ಅನ್ನುತ್ತಾರೆ. ನೋಡುವುದಿದ್ದರೆ ಇದನ್ನು ನೋಡಬೇಕು.

ಹಾಗಾದರೆ ಕೊರತೆ ಇಲ್ಲದಿದ್ದರೆ ಚೆನ್ನಲ್ವಾ ಅಂತ ಕೇಳುತ್ತಾರೆ. ಅಂಥ ಒಂದು ವರ್ಷ ಇತ್ತೀಚೆಗೆ ಬಂದಿತ್ತು. 2020-21ರಲ್ಲಿ ನಮ್ಮ ಚಾಲ್ತಿ ಖಾತೆಯಲ್ಲಿ 0.9% ಮಿಗತೆ ಇತ್ತು. ಹದಿನೇಳು ವರ್ಷದ ಮೇಲೆ ಬಂದ ಮಿಗತೆ! ಆ ವರ್ಷ ಹೇಗಿತ್ತು ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಲೋಕಲ್ ಟ್ರೈನು ನಿಂತಿತ್ತು. ಅಣ್ಣನ ಹೋಟೆಲಿನ ಶಟರ್ ತಿಂಗಳುಗಟ್ಟಲೆ ಕೆಳಗಿತ್ತು, ಹುಡುಗರು ಸಿಕ್ಕಿದ ಗಾಡಿ ಹತ್ತಿ ಊರಿಗೆ ಹೋಗಿದ್ದರು. ಪೆಟ್ರೋಲು ಬೇಡ, ಮೆಷಿನ್ ಬೇಡ, ಯಾರೂ ಏನೂ ಕೊಳ್ಳುತ್ತಿರಲಿಲ್ಲ. ಮಿಗತೆ ಬಂದದ್ದು ಹಾಗೆ. ಅಮೆರಿಕದಲ್ಲೂ ಇದೇ ಕಥೆ. 1975ರ ಮೇಲೆ ಒಂದು ವರ್ಷವೂ ವ್ಯಾಪಾರ ಕೊರತೆ ತಪ್ಪಿಲ್ಲ. ಅದು ಜೋರಾಗಿ ಇಳಿದ ವರ್ಷ 2009, ಲಕ್ಷಾಂತರ ಜನ ಕೆಲಸ ಕಳೆದುಕೊಂಡ ವರ್ಷ.

ಆದರೆ ಕೊರತೆಯಿಂದ ಪೆಟ್ಟು ಬೀಳುವುದೇ ಇಲ್ಲ ಅಂತಲ್ಲ. 1991ರಲ್ಲಿ ನಾನು ಮುಂಬೈಯ ಫೋರ್ಟಿನ ಒಂದು ಹೋಟೆಲಿನಲ್ಲಿದ್ದೆ. ಹಗಲು ಆಫೀಸುಗಳಿಗೆ ಚಹಾ ಒಯ್ಯುತ್ತಿದ್ದೆ, ರಾತ್ರಿ ಶಾಲೆ. ಆ ಜುಲೈಯಲ್ಲಿ ನಾಲ್ಕು ಗಲ್ಲಿ ಆಚೆ ರಿಸರ್ವ್ ಬ್ಯಾಂಕಿನಿಂದ ಸುಮಾರು 47 ಟನ್ ಚಿನ್ನ ಅಡವಿಗೆ ಹೋಯಿತು, ವಿಮಾನದಲ್ಲಿ ಲಂಡನ್ನಿಗೆ. ನನಗೇನು ಗೊತ್ತು? ದೇಶದ ಕೈಯಲ್ಲಿದ್ದ ಡಾಲರು ಎರಡು-ಮೂರು ವಾರದ ಆಮದಿಗೂ ಸಾಲುತ್ತಿರಲಿಲ್ಲ ಅಂತ ಆಮೇಲೆ ಓದಿ ತಿಳಿದೆ. ಕೊಲ್ಲಿ ಯುದ್ಧದಿಂದ ಎಣ್ಣೆ ದರ ಏರಿತ್ತು. ಅಲ್ಪಾವಧಿ ಸಾಲ ಕೊಟ್ಟವರು ಮತ್ತೆ ಕೊಡಲು ಒಪ್ಪಲಿಲ್ಲ. ಅನಿವಾಸಿಗಳು ಠೇವಣಿ ವಾಪಸ್ ತೆಗೆದರು.

ಆಗಿನ ಕೊರತೆ ಒಟ್ಟು ಉತ್ಪನ್ನದ 3% ಆಸುಪಾಸು. 2012-13ರಲ್ಲಿ ಅದು 4.8% ಆಗಿತ್ತು. ಅಂದರೆ ಇನ್ನೂ ದೊಡ್ಡದು. ಆದರೂ ಚಿನ್ನ ಅಡವಿಡುವ ಗತಿ ಬರಲಿಲ್ಲ. ರೂಪಾಯಿ ಬಿತ್ತು, ಡಾಲರಿಗೆ 68 ದಾಟಿತು, ಎಲ್ಲರ ಕೈ ಸುಟ್ಟಿತು, ಅಲ್ಲಿಗೆ ನಿಂತಿತು. ಆಗ ಖಜಾನೆಯಲ್ಲಿ ಡಾಲರ್ ಇತ್ತು. ಈಗ 600 ಬಿಲಿಯನ್ನಿಗೂ ಮೇಲಿದೆ. ಅದಕ್ಕೇ ನಾನು ಶೇಕಡಾವಾರು ಕೇಳಿ ಹೆದರುವುದಿಲ್ಲ. ಸಾಲ ಎಷ್ಟು ದಿನದ್ದು, ಎಣ್ಣೆಗೆ ಎಷ್ಟು ಹೋಗುತ್ತಿದೆ ಅಂತ ಕೇಳುತ್ತೇನೆ.

ಇನ್ನು ಸುಂಕದ ವಿಷಯ. ಇದು ನನ್ನ ಮನೆಯಂಗಳ.

ಹೋದ ವರ್ಷ ಅಣ್ಣನಿಗೆ ಪಾತ್ರೆ ತೊಳೆಯುವ ದೊಡ್ಡ ಮೆಷಿನ್ ಬೇಕಾಯಿತು. ತೊಳೆಯಲು ಊರಿನ ಹುಡುಗರು ಈಗ ಸಿಗುವುದಿಲ್ಲ. ಯಾವ ದೇಶದಿಂದ ತರಿಸುವುದು ಅಂತ ಕೇಳಿದೆ. "ಚೀನಾದ್ದು ಸಸ್ತಾ ಅಲ್ವಾ" ಅಂದರು. ನಾನು ನಗಲಿಲ್ಲ. ಬಿಲ್ ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಬರೆದು ಕೊಟ್ಟೆ. ಬೆಲೆ, ವಿಮೆ, ಹಡಗಿನ ಬಾಡಿಗೆ ಸೇರಿ 10 ಲಕ್ಷ ಅಂತ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಮೂಲ ಸುಂಕ 10% ಹಿಡಿಯೋಣ: 1,00,000. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜು: 10,000. ಈಗ 11,10,000 ಆಯಿತು. ಅದರ ಮೇಲೆ 18% ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ: 1,99,800. ಒಟ್ಟು 3,09,800. ಫ್ಯಾಕ್ಟರಿಯವರಾದರೆ ಐಜಿಎಸ್‌ಟಿಯನ್ನು ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ಮುಂದೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ. ಗಿರಾಕಿಯಿಂದ 5% ಜಿಎಸ್‌ಟಿ ತೆಗೆದುಕೊಳ್ಳುವ ಹೋಟೆಲಿನವರಿಗೆ ಆ ಕ್ರೆಡಿಟ್ಟೂ ಇಲ್ಲ. ಪೂರ್ತಿ ಅಣ್ಣನ ತಲೆಗೆ.

"ಇದನ್ನು ಚೀನಾದವ ಕಟ್ಟೂದಲ್ವಾ?" ಅಂತ ಕೇಳಿದರು. ಮೂವತ್ತು ವರ್ಷದಲ್ಲಿ ನಾನು ನೋಡಿದ ಚಲನ್ನುಗಳಲ್ಲಿ ಕಟ್ಟಿದವರ ಹೆಸರು ಯಾವಾಗಲೂ ಇಲ್ಲಿಯದ್ದೇ. ಭಿವಂಡಿ, ವಸಾಯಿ, ಪುಣೆ. ಮಾರುವವನು ಸ್ವಲ್ಪ ರಿಯಾಯಿತಿ ಕೊಡಬಹುದು, ಅದು ಚೌಕಾಸಿಯ ಮೇಲೆ. ಬೇರೆ ಗಿರಾಕಿ ಇದ್ದರೆ ಅವನು ಯಾಕೆ ಕೊಡುತ್ತಾನೆ?

ಟ್ರಂಪ್ ಏಪ್ರಿಲ್ 2025ರಲ್ಲಿ ನಮ್ಮ ಮೇಲೆ 26% ಘೋಷಿಸಿದರಲ್ಲ, ಆ ಅಂಕಿ ಬಂದ ಬಗೆ ಕೇಳಿದರೆ ನಿಮಗೂ ತಮಾಷೆ ಅನ್ನಿಸಬಹುದು. 2024ರಲ್ಲಿ ನಮ್ಮಿಂದ ಅವರು ಕೊಂಡದ್ದು ಸುಮಾರು 87 ಬಿಲಿಯನ್ ಡಾಲರಿನ ಸರಕು. ನಮ್ಮ ಜೊತೆ ಅವರ ಕೊರತೆ ಸುಮಾರು 46 ಬಿಲಿಯನ್. ಕೊರತೆಯನ್ನು ಆಮದಿನಿಂದ ಭಾಗಿಸಿದರೆ 52%. ಅದರ ಅರ್ಧ 26. ಅಷ್ಟೇ. ನಾವು ಯಾವ ವಸ್ತುವಿಗೆ ಎಷ್ಟು ಸುಂಕ ಹಾಕುತ್ತೇವೆ ಅನ್ನುವುದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಮೀನಿನವಳು ನನ್ನ ಹತ್ತಿರ ಏನೂ ಕೊಳ್ಳುವುದಿಲ್ಲ, ಆದ್ದರಿಂದ ಅವಳು ಮೋಸ ಮಾಡುತ್ತಿದ್ದಾಳೆ ಅಂದ ಹಾಗಾಯಿತು. ರಷ್ಯದ ಎಣ್ಣೆಯ ನೆಪದಲ್ಲಿ ಆಗಸ್ಟ್ 27ಕ್ಕೆ ಅದು 50% ಆದಾಗ ಅಂಧೇರಿಯ ರಫ್ತು ವಲಯ ಸೀಪ್ಜ್‌ನಲ್ಲಿ ಅಮೆರಿಕಕ್ಕೆ ಆಭರಣ ಮಾಡಿ ಕಳಿಸುವವರಿಗೆ ಹೊಡೆತ ಬಿತ್ತು. ಆ ದುಡ್ಡು ಅವರ ಕಸ್ಟಮ್ಸಿನಲ್ಲಿ ಕಟ್ಟುವವನು ಅಲ್ಲಿಯ ಆಮದುದಾರ. ಆದರೆ ಅವನು ಫೋನು ಮಾಡಿ ರೇಟು ಇಳಿಸು ಅನ್ನುತ್ತಾನೆ, ಇಲ್ಲವೇ ಆರ್ಡರ್ ನಿಲ್ಲಿಸುತ್ತಾನೆ. ಎರಡೂ ಕಡೆಯವರಿಗೆ ನೋವು.

ಸುಂಕದಿಂದ ಕೊರತೆ ಹೋಯಿತಾ ಅಂತ ನೋಡಲು 2018 ಒಳ್ಳೆಯ ಉದಾಹರಣೆ. ಆ ವರ್ಷ ಚೀನಾದ ಸರಕಿನ ಮೇಲೆ ಅಮೆರಿಕ ಸುಂಕ ಹಾಕಿತು. ಚೀನಾದ ಜೊತೆಗಿನ ಕೊರತೆ ಇಳಿಯಿತು, ವಿಯೆಟ್ನಾಂ ಮತ್ತು ಮೆಕ್ಸಿಕೋ ಜೊತೆ ಏರಿತು. ಒಟ್ಟು ಸರಕಿನ ಕೊರತೆ ಕಡಿಮೆಯಾಗುವ ಬದಲು 2024ರ ಹೊತ್ತಿಗೆ 1,200 ಬಿಲಿಯನ್ ಮುಟ್ಟಿತು. ನೀರನ್ನು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ತೋಡು ಮಾಡಿಕೊಂಡು ಹೋಗುತ್ತದೆ. ದೇಶ ದುಡಿಯುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿರುವ ತನಕ ಆ ನೀರು ನಿಲ್ಲುವುದಿಲ್ಲ.

ಅದೇ 2018ರಲ್ಲಿ ಅಮೆರಿಕದವರು ಬಟ್ಟೆ ಒಗೆಯುವ ಮೆಷಿನ್ನಿಗೂ ಸುಂಕ ಹಾಕಿದರು. ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದಾಗ ಒಂದೊಂದರ ಬೆಲೆ ಸುಮಾರು 86 ಡಾಲರ್ ಏರಿತ್ತು. ಬಟ್ಟೆ ಒಣಗಿಸುವ ಡ್ರೈಯರಿಗೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ 92 ಡಾಲರ್ ಏರಿತು! ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರಲ್ಲ, ಅಂಗಡಿಯವರು ಹಂಚಿ ಹಾಕಿದರು. ಸುಮಾರು 1,800 ಜನರಿಗೆ ಕೆಲಸ ಸಿಕ್ಕಿತು. ಒಂದೊಂದು ಕೆಲಸಕ್ಕೆ ಗಿರಾಕಿಗಳು ತೆತ್ತದ್ದು ವರ್ಷಕ್ಕೆ 8 ಲಕ್ಷ ಡಾಲರಿಗೂ ಜಾಸ್ತಿ. ಆ ಸಂಬಳ ಕೊಡುವುದಾದರೆ ನಾನೂ ಅಲ್ಲಿಗೆ ಹೋಗಿ ನಟ್ಟು ತಿರುಗಿಸುತ್ತಿದ್ದೆ.

ನಮ್ಮಲ್ಲಿ 2013ರಲ್ಲಿ ಚಿನ್ನದ ಸುಂಕ ಒಂದೇ ವರ್ಷದಲ್ಲಿ 4%ರಿಂದ 10%ಕ್ಕೆ ಏರಿತು. ಅಧಿಕೃತ ಆಮದು ಇಳಿಯಿತು, ಕಳ್ಳಸಾಗಣೆ ಏರಿತು. ಎಪ್ಪತ್ತು-ಎಂಬತ್ತರ ದಶಕದ ಮುಂಬೈ ನೋಡಿದವರಿಗೆ ಇದೇನೂ ಹೊಸದಲ್ಲ. ಆಗ ಸುಂಕ ಆಕಾಶದಲ್ಲಿತ್ತು, ಫಾರಿನ್ ವಾಚು, ಟೇಪ್ ರೆಕಾರ್ಡರು ಕಳ್ಳಮಾಲಿನ ಬಜಾರು ಮುಸಾಫಿರ್‌ಖಾನಾದಲ್ಲಿ ಸಿಗುತ್ತಿತ್ತು. 2024ರ ಜುಲೈಯಲ್ಲಿ ಸರ್ಕಾರವೇ ಚಿನ್ನದ ಸುಂಕವನ್ನು 15%ರಿಂದ 6%ಕ್ಕೆ ಇಳಿಸಿತು.

ಸುಂಕವೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. 2018ರಲ್ಲಿ ಮೊಬೈಲ್ ಫೋನಿಗೆ 20% ಹಾಕಿದರು, ಆಮೇಲೆ ಫ್ಯಾಕ್ಟರಿಗಳಿಗೆ ಪ್ರೋತ್ಸಾಹಧನ ಕೊಟ್ಟರು. ಇವತ್ತು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ, ಇಲ್ಲಿಂದ ಫೋನು ಹೊರಗೆ ಹೋಗುತ್ತಿದೆ. ಅದರಲ್ಲಿ ಸುಂಕದ ಪಾಲು ಎಷ್ಟು, ಪ್ರೋತ್ಸಾಹಧನದ ಪಾಲು ಎಷ್ಟು ಅಂತ ಈಗಲೂ ಜಗಳ ನಡೆಯುತ್ತಿದೆ. ನನ್ನ ಮಟ್ಟಿಗೆ, ಬಿಡಿಭಾಗ ಸಲೀಸಾಗಿ ಒಳಗೆ ಬರದಿದ್ದರೆ ಆ ಫ್ಯಾಕ್ಟರಿ ನಡೆಯುತ್ತಿರಲಿಲ್ಲ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳನ್ನೇ ನೋಡಿ. ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಅದನ್ನು ಆಮದು ಅಂತ ಬೈದು ಸುಂಕ ಜಡಿದರೆ ಕೆಲಸ ಹೋಗುವುದು ಸಿಪ್ಪೆ ಸುಲಿಯುವ ನಮ್ಮೂರಿನ ಹೆಂಗಸರದ್ದು.

ಅಣ್ಣನ ಮೆಷಿನ್ ಕಥೆ ಬಾಕಿ ಇದೆ. ಆ ಲೆಕ್ಕ ನೋಡಿ ಅವರಿಗೆ ಸಿಟ್ಟು ಬಂತು. "ಬೇಡವೇ ಬೇಡ, ಸ್ವದೇಶಿಯೇ ತಕ್ಕೊಳ್ತೇನೆ" ಅಂದರು. ಇಲ್ಲೇ ತಯಾರಿಸುವ ಒಂದು ಕಂಪನಿಯಿಂದ ಅಷ್ಟೇ ದೊಡ್ಡ ಮೆಷಿನ್ನಿಗೆ ಕೊಟೇಶನ್ ತರಿಸಿದರು. ಮುಂದಿನ ಶನಿವಾರ ಕಾಫಿ ಜೊತೆ ಅದನ್ನೂ ನನ್ನ ಮುಂದಿಟ್ಟರು. ಜಿಎಸ್‌ಟಿ ಸೇರಿ 12 ಲಕ್ಷ 90 ಸಾವಿರ. ನನ್ನ ಚೀಟಿಯಲ್ಲಿದ್ದದ್ದು 13,09,800. ಎರಡನ್ನೂ ಪಕ್ಕಪಕ್ಕ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ನಿನ್ನ ಚೀಟಿಯನ್ನು ಇವರಿಗೆ ಯಾರು ತೋರಿಸಿದ್ದು ಮಾರಾಯಾ?" ಅಂದರು.